ಮಂಡ್ಯದಲ್ಲೇ ತಯಾರಾದ ಹಾಡಿನ ಪ್ಲೇಯರ್: ಮಾಲು ಚೆನ್ನಾಗಿದೆ, ರೇಟು ಸರಿಯಿಲ್ಲ

ಮೊದಲು ಮಾಲಿನ ವಿಷಯ. ಇದೊಂದು ಪುಟ್ಟ ಮ್ಯೂಸಿಕ್ ಪ್ಲೇಯರ್. ಮೆಮೊರಿ ಕಾರ್ಡಿನಲ್ಲಿರುವ ಎಂಪಿ3 ಓದಿ ಹೆಡ್‌ಫೋನಿಗೆ ಕೊಡುತ್ತದೆ, ಅಷ್ಟೇ. ಇಂಟರ್ನೆಟ್ ಇಲ್ಲ, ಬ್ಲೂಟೂತ್ ಇಲ್ಲ, ನಡುವೆ ಜಾಹೀರಾತಿಲ್ಲ. ಅಂಗಿ ಜೇಬಿಗೆ ಹೋಗುತ್ತದೆ, ಆದರೆ ಜೇಬು ಜೋಲುತ್ತದೆ. ನಮ್ಮ ಮಂಡ್ಯದ ಹುಡುಗನೊಬ್ಬ ಮನೆಯಲ್ಲೇ ಕೂತು ಮಾಡಿ ಮಾರುತ್ತಿದ್ದಾನೆ. ಇಂಜಿನಿಯರಿಂಗ್ ಓದಿದವನು. ಹಗಲು ಬೇರೆ ಕೆಲಸ, ರಾತ್ರಿ ಇದು. ಬೆಲೆ 2,800 ರೂಪಾಯಿ. ‘ಹೆಸರು ಮಾತ್ರ ಹಾಕ್ಬೇಡಿ ಸಾರ್’ ಅಂದ, ಹಾಕಿಲ್ಲ.

ನಾನು ಪೇಟೆಬೀದಿ ಕಡೆ ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಈಗ ಟೇಪ್ ರೆಕಾರ್ಡರ್ ತರುವವರು ಕಮ್ಮಿ, ಕ್ಯಾಸೆಟ್ ತರುವವರು ಜಾಸ್ತಿ. ‘ಇದರಲ್ಲಿ ನಮ್ಮಪ್ಪ ಮಾಡಿದ ಹರಿಕಥೆ ಐತೆ, ಕಾರ್ಡಿಗೆ ಹಾಕ್ಕೊಡಿ’ ಅಂತ ಬರುತ್ತಾರೆ. ಹಾಕಿಕೊಡುತ್ತೇನೆ. ಮಾತಿಗೆ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಸಾಕು. 90 ನಿಮಿಷದ ಕ್ಯಾಸೆಟ್ ಒಂದು 43 ಎಂಬಿಯಲ್ಲಿ ಮುಗಿಯುತ್ತದೆ. 32 ಜಿಬಿ ಕಾರ್ಡಿನಲ್ಲಿ ಅಂಥ ಏಳುನೂರು ಕ್ಯಾಸೆಟ್ ಹಾಕಿದರೂ ಇನ್ನೂ ಜಾಗ ಇರುತ್ತದೆ. ತಕರಾರು ಶುರುವಾಗುವುದು ಆಮೇಲೆ. ಇದನ್ನು ಯಾವುದರಲ್ಲಿ ಕೇಳುವುದು? ಮೊಬೈಲಿಗೆ ಹಾಕಿಕೊಟ್ಟರೆ ಮಧ್ಯೆ ಫೋನ್ ಬರುತ್ತದೆ, ವಾಟ್ಸಾಪ್ ಟಣ್ ಅನ್ನುತ್ತದೆ, ವಯಸ್ಸಾದವರ ಬೆರಳು ಎಲ್ಲೋ ತಗುಲಿ ಹರಿಕಥೆಯೇ ಮಾಯ. ಏಳೆಂಟು ನೂರು ರೂಪಾಯಿಯ ಬ್ಲೂಟೂತ್ ಸ್ಪೀಕರಿಗೂ ಕಾರ್ಡ್ ಹಾಕಬಹುದು. ಆದರೆ ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿನಿಂದ ಶುರು ಹಚ್ಚಿಕೊಳ್ಳುತ್ತವೆ. ಒಂದೂವರೆ ಗಂಟೆಯ ಕಥೆಯಲ್ಲಿ ನಿಲ್ಲಿಸಿದ ಜಾಗ ಹುಡುಕುವುದು ಯಾರ ಕೈಲಾಗುತ್ತದೆ?

ಈ ಹುಡುಗನ ಪ್ಲೇಯರ್ ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳುತ್ತದೆ. ಅದೂ ಒಂದೊಂದು ಫೈಲಿಗೂ ಬೇರೆ ಬೇರೆ. ನಾನು ಕೊಂಡಿದ್ದು ಅದೊಂದಕ್ಕೇ.

ಬಿಚ್ಚಿ ನೋಡದೆ ನಮ್ಮಂಥವರಿಗೆ ನಿದ್ದೆ ಬರುವುದಿಲ್ಲ. ಹಿಂದೆ ನಾಲ್ಕು ಸ್ಕ್ರೂ. ಪ್ಲಾಸ್ಟಿಕ್ಕಿಗೇ ಸ್ಕ್ರೂ ಕೊರೆದಿರಬಹುದು ಅಂದುಕೊಂಡಿದ್ದೆ. ಇಲ್ಲ, ಹಿತ್ತಾಳೆಯ ಚಿಕ್ಕ ನಟ್ಟನ್ನು ಬಿಸಿ ಮಾಡಿ ಒಳಗೆ ಕೂರಿಸಿದ್ದಾನೆ. ಎಷ್ಟು ಸಲ ಬಿಚ್ಚಿ ಹಾಕಿದರೂ ಥ್ರೆಡ್ ಸವೆಯುವುದಿಲ್ಲ. ಮುಂದೊಂದು ದಿನ ಇನ್ನೊಬ್ಬ ಇದನ್ನು ಬಿಚ್ಚುತ್ತಾನೆ ಅಂತ ಯೋಚಿಸಿ ಮಾಡಿದ್ದಾನಲ್ಲ, ಅಲ್ಲಿಗೇ ನನಗೆ ಅರ್ಧ ಸಮಾಧಾನ. ದೊಡ್ಡ ಕಂಪನಿಗಳು ಇವತ್ತು ಗೋಂದು ಹಾಕಿ ಅಂಟಿಸಿ ಕಳಿಸುತ್ತವೆ.

ಒಳಗಿನ ಮಿದುಳು ಇಎಸ್‌ಪಿ32. 2016ರಲ್ಲಿ ಬಂದ ಚಿಪ್, ಕಾಲೇಜು ಹುಡುಗರ ಪ್ರಾಜೆಕ್ಟುಗಳಲ್ಲೆಲ್ಲ ಇರುವುದು ಇದೇ. ಎಂಪಿ3 ಬಿಡಿಸಿ ಹಾಡಿಸುವಷ್ಟು ಶಕ್ತಿ ಧಾರಾಳವಾಗಿದೆ. ಬಿಡಿಸಿದ ಅಂಕಿಗಳನ್ನು ಶಬ್ದ ಮಾಡುವುದಕ್ಕೆ ಪಿಸಿಎಂ5102 ಅನ್ನುವ ಡ್ಯಾಕ್ ಬೋರ್ಡ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಚಿಪ್, ಒಳ್ಳೆಯದೇ. ಆದರೆ ಇದನ್ನು ತಗೊಂಡವರು ಎಡವುವುದು ಒಂದೇ ಕಡೆ. ಇದು ಕೊಡುವುದು ಲೈನ್ ಔಟ್, ಆಂಪ್ಲಿಫೈಯರಿಗೆ ಕೊಡಬೇಕಾದ ಸಿಗ್ನಲ್. ಮುಂದೆ ಜೋಡಿಸುವ ಸಾಮಾನಿನ ತಡೆ (ಲೋಡ್) ಕಮ್ಮಿ ಅಂದರೂ ಸಾವಿರ ಓಮ್ ಇರಬೇಕು ಅನ್ನುತ್ತದೆ ಚಿಪ್ಪು. ಹೆಡ್‌ಫೋನ್ ಇರುವುದು 16 ಅಥವಾ 32 ಓಮ್. ನೇರವಾಗಿ ಚುಚ್ಚಿದರೆ ಹಾಡೇನೋ ಬರುತ್ತದೆ, ತಬಲದ ಎಡಗೈಯ ದಪ್ಪ ನಾದ ಇರುವುದಿಲ್ಲ. ಈ ಹುಡುಗ ನಡುವೆ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಚಿಪ್ ಹಾಕಿದ್ದಾನೆ. ಡ್ಯಾಕಿನ ಲೈನ್ ಔಟನ್ನೂ ಪಕ್ಕದಲ್ಲಿ ಇನ್ನೊಂದು ಜ್ಯಾಕಿಗೆ ಕೊಟ್ಟಿದ್ದಾನೆ. ಅದರಿಂದ ನನ್ನ ಅಂಗಡಿಯ ಹಳೇ ಆಂಪ್ಲಿಫೈಯರಿಗೆ ಕೊಟ್ಟು ಕೇಳಿದೆ. ನಾದಸ್ವರ ಒಡೆಯಲಿಲ್ಲ, ಡೋಲಿನ ಪೆಟ್ಟು ಪೆಟ್ಟಾಗಿಯೇ ಬಂತು. ಈ ರೇಟಿಗೆ ಇಷ್ಟು ಶುದ್ಧವಾಗಿ ಹಾಡುವ ಜೇಬಿನ ಮಾಲು ನಾನು ಬೇರೆ ನೋಡಿಲ್ಲ.

ಇನ್ನೊಂದು ಕಡೆಯೂ ಅವನ ತಲೆ ಓಡಿದೆ. ಇಎಸ್‌ಪಿ ಬೋರ್ಡುಗಳ ಮೇಲೆ ಸಾಮಾನ್ಯವಾಗಿ 1117 ಅನ್ನುವ ರೆಗ್ಯುಲೇಟರ್, ಅಂದರೆ ವೋಲ್ಟೇಜನ್ನು ಒಂದೇ ಮಟ್ಟಕ್ಕೆ ಇಳಿಸಿ ಕೊಡುವ ಚಿಪ್, ಬರುತ್ತದೆ. 3.3 ವೋಲ್ಟ್ ಕೊಡಬೇಕಾದರೆ ಅದಕ್ಕೆ ಹೆಚ್ಚುಕಮ್ಮಿ ಇನ್ನೊಂದು ವೋಲ್ಟ್ ಜಾಸ್ತಿಯೇ ಊಟ ಹಾಕಬೇಕು. ಲಿಥಿಯಂ ಸೆಲ್ ಪೂರ್ತಿ ತುಂಬಿದಾಗಲೇ ಇರುವುದು 4.2 ವೋಲ್ಟ್. ಅಂದರೆ ಸೆಲ್ಲಿನಲ್ಲಿ ಅರ್ಧ ಚಾರ್ಜ್ ಇದ್ದರೂ ಪ್ಲೇಯರ್ ತೂಕಡಿಸುತ್ತದೆ. ಅವನು ಅದನ್ನು ಕಿತ್ತು, ಕಮ್ಮಿ ವೋಲ್ಟೇಜ್ ನುಂಗುವ ಬೇರೆ ರೆಗ್ಯುಲೇಟರ್ ಕೂರಿಸಿದ್ದಾನೆ. ಹಾಗಾಗಿ ಒಂದು ಚಾರ್ಜಿಗೆ 16 ಗಂಟೆ ಹತ್ತಿರ ಹಾಡುತ್ತದೆ.

ಸೆಲ್ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಾಕಿರುವುದು 18650, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಉರುಟು ಸೆಲ್. ಜೇಬು ಜೋಲುವುದು ಇದರಿಂದಲೇ. ಚಪ್ಪಟೆ ಸೆಲ್ ಹಾಕಿದ್ದರೆ ಪ್ಲೇಯರ್ ತೆಳ್ಳಗಾಗುತ್ತಿತ್ತು. ಆದರೆ ಚಪ್ಪಟೆ ಸೆಲ್ ಎರಡು ಮೂರು ವರ್ಷಕ್ಕೆ ಉಬ್ಬಿದರೆ ಅದೇ ಅಳತೆಯದು ಎಲ್ಲಿ ಹುಡುಕುತ್ತೀರಿ? ಇದು ಹೋಲ್ಡರಿನಲ್ಲಿ ಕೂತಿದೆ, ಬೆರಳಲ್ಲಿ ತೆಗೆದು ಬೇರೆ ಹಾಕಬಹುದು. ಹಾಕುವಾಗ ಒಂದು ಎಚ್ಚರ ಇರಲಿ. ಬಜಾರಿನಲ್ಲಿ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಬರೆದ 18650 ಸೆಲ್ ಅಗ್ಗಕ್ಕೆ ಸಿಗುತ್ತವೆ. ಅಂಥ ಸೆಲ್ ಭೂಮಿ ಮೇಲೆ ಇಲ್ಲ. ಒಳ್ಳೇ ಕಂಪನಿಯದೇ 3,500ರ ಆಸುಪಾಸಿಗೆ ನಿಲ್ಲುತ್ತದೆ. ನಾನು ತಕ್ಕಡಿಗೆ ಹಾಕಿ ನೋಡುತ್ತೇನೆ. ಅಸಲಿ ಸೆಲ್ 45 ಗ್ರಾಂ ಹತ್ತಿರ ತೂಗುತ್ತದೆ, ಡೂಪ್ಲಿಕೇಟು ಕೈಗೇ ಹಗುರ ಅನ್ನಿಸುತ್ತದೆ. ಹುಡುಗ ಹಾಕಿರುವುದು ಸರ್ಕಾರದ ಗುಣಮಟ್ಟದ ಬಿಐಎಸ್ ಗುರುತಿರುವ 2600ರ ಸೆಲ್. ಬರೆದಷ್ಟು ಇದೆ, ಅಳೆದು ನೋಡಿದ್ದೇನೆ.

ಪಾಂಡವಪುರದ ಹತ್ತಿರ ನನ್ನ ಬಾಮೈದನ ಆಲೆಮನೆ ಇದೆ. ಅಲ್ಲಿ ಕೊಟ್ಟು ನೋಡಿದರೆ ಯಾವ ಮಾಲಿನ ಬಣ್ಣವೂ ಬಯಲಾಗುತ್ತದೆ. ಕೊಪ್ಪರಿಗೆ ಮುಂದೆ ನಿಂತವನ ಬೆರಳೆಲ್ಲ ಕಬ್ಬಿನ ಹಾಲು, ಬೆಲ್ಲದ ಪಾಕ. ಟಚ್ ಸ್ಕ್ರೀನ್ ಆ ಬೆರಳಿಗೆ ಮಾತೇ ಕೇಳುವುದಿಲ್ಲ. ಈ ಪ್ಲೇಯರಿಗೆ ಮೂರು ಗಟ್ಟಿ ಬಟನ್, ಒಂದು ತಿರುಗಿಸುವ ನಾಬ್. ತಿರುಗಿಸಿದರೆ ಟಿಕ್ ಟಿಕ್ ಅಂತ ಬೆರಳಿಗೇ ಗೊತ್ತಾಗುತ್ತದೆ. ಅಗ್ಗದ ನಾಬ್‌ಗಳು ಒಂದು ತಿರುಗಿಸಿದರೆ ಎರಡು ಹಾರುತ್ತವೆ, ಇದು ಹಾರುವುದಿಲ್ಲ. ಪ್ರೋಗ್ರಾಮಿನಲ್ಲೇ ಅದನ್ನು ತಿದ್ದಿದ್ದೇನೆ ಅಂದ. ಬಾಮೈದ ಲೈನ್ ಔಟಿನಿಂದ ಅಲ್ಲಿನ ಸ್ಪೀಕರಿಗೆ ಕೊಟ್ಟುಕೊಂಡು ರಾತ್ರಿಯೆಲ್ಲ ಮಾದಪ್ಪನ ಪದ ಹಾಕಿದ್ದ. ಕಣ್ಣು ಕೊಪ್ಪರಿಗೆ ಮೇಲೇ ಇಟ್ಟು, ಕೈಯಲ್ಲೇ ತಡವಿ ಹಾಡು ಬದಲಾಯಿಸುತ್ತಿದ್ದ. ಅಲ್ಲಿಗೆ ಬಟನ್ ಪಾಸಾಯಿತು.

ಡಬ್ಬಿ ಫೇಲಾಯಿತು. ತ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ ಬಳಸಿ ಮಾಡಿದ ಡಬ್ಬಿ ಅದು. ಪಿಎಲ್‌ಎ 60 ಡಿಗ್ರಿ ಹತ್ತಿರ ಬರುತ್ತಿದ್ದಂತೆ ಮೆತ್ತಗಾಗುತ್ತದೆ. ಬಾಮೈದ ಬೆಳಿಗ್ಗೆ ಅದನ್ನು ಟ್ರ್ಯಾಕ್ಟರಿನ ಮೀಟರ್ ಮುಂದೆ ಬಿಸಿಲಲ್ಲಿ ಬಿಟ್ಟು ತಿಂಡಿಗೆ ಹೋಗಿದ್ದಾನೆ. ಬಂದು ನೋಡಿದರೆ ಮುಚ್ಚಳ ಹಪ್ಪಳದ ಹಾಗೆ ಬಾಗಿದೆ. ಒಳಗಿನ ಬೋರ್ಡಿಗೆ ಏನೂ ಆಗಿರಲಿಲ್ಲ. ಲಿಥಿಯಂ ಸೆಲ್ ಇರುವ ಯಾವ ಸಾಮಾನನ್ನೂ ಹಾಗೆ ಬಿಸಿಲಿಗೆ ಬಿಡಬಾರದು ಅನ್ನುವುದು ನಿಜ. ಆದರೆ ಮಂಡ್ಯದಲ್ಲಿ ಮಾರುವ ಮಾಲು ಏಪ್ರಿಲ್ ಬಿಸಿಲಿಗೆ ತಡೆಯಬೇಕು ಅಲ್ವಾ? ಪಿಇಟಿಜಿ ಅಂತ ಇನ್ನೊಂದು ಪ್ಲಾಸ್ಟಿಕ್ ಇದೆ, 80 ಡಿಗ್ರಿಯ ತನಕ ತಡೆಯುತ್ತದೆ. ರೇಟಿನಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಪ್ರಿಂಟ್ ಮಾಡುವುದಕ್ಕೆ ಸ್ವಲ್ಪ ಕಿರಿಕಿರಿ ಅಷ್ಟೇ. ಮುಂದಿನ ಸಲ ಅದರಲ್ಲೇ ಮಾಡು ಅಂದಿದ್ದೇನೆ.

ಚಾರ್ಜಿಂಗಿನಲ್ಲೂ ಒಂದು ತಕರಾರಿದೆ. ಟಿಪಿ4056 ಅನ್ನುವ ಸಿದ್ಧ ಬೋರ್ಡ್ ಹಾಕಿದ್ದಾನೆ, ಸಿ ಟೈಪ್ ಸಾಕೆಟ್ಟಿನದು. ಹಳೇ ಚಾರ್ಜರಿನ, ಒಂದು ಕಡೆ ಅಗಲ ಪಿನ್ ಇನ್ನೊಂದು ಕಡೆ ಸಿ ಟೈಪ್ ಇರುವ ಕೇಬಲ್ ಹಾಕಿದರೆ ಚಾರ್ಜ್ ಆಗುತ್ತದೆ. ಹೊಸ ಫೋನುಗಳ ಜೊತೆ ಬರುವ, ಎರಡೂ ಕಡೆ ಸಿ ಟೈಪ್ ಇರುವ ಕೇಬಲ್ ಹಾಕಿದರೆ ದೀಪವೇ ಹತ್ತುವುದಿಲ್ಲ. ಪ್ಲೇಯರ್ ಕೆಟ್ಟಿಲ್ಲ. ಈ ಕಡೆ ಕರೆಂಟ್ ತಗೊಳ್ಳುವ ಸಾಮಾನು ಇದೆ ಅಂತ ಚಾರ್ಜರಿಗೆ ಗೊತ್ತಾಗಬೇಕಾದರೆ ಸಾಕೆಟ್ಟಿನಲ್ಲಿ 5.1 ಕೆ (5,100 ಓಮ್) ರೆಸಿಸ್ಟರ್ ಎರಡು ಇರಬೇಕು. ಅಗ್ಗದ ಬೋರ್ಡುಗಳಲ್ಲಿ ಅದನ್ನೇ ಉಳಿಸಿಬಿಡುತ್ತಾರೆ. ಪೈಸೆ ಲೆಕ್ಕದ ರೆಸಿಸ್ಟರ್. ಅದಿಲ್ಲದೆ ಕೊಂಡವರು ‘ಸತ್ತೋಗಿದೆ’ ಅಂತ ಪ್ಲೇಯರನ್ನು ವಾಪಸ್ ತರುತ್ತಾರೆ.

ಶಬ್ದದಲ್ಲಿ ಒಂದೇ ದೋಷ. ವಾಲ್ಯೂಮ್ ತೀರಾ ಕಮ್ಮಿ ಇಟ್ಟು, ಸದ್ದಿಲ್ಲದ ಕೋಣೆಯಲ್ಲಿ ಕೇಳಿದರೆ ಹಿಂದೆ ಸಣ್ಣಗೆ ಕಿರ್ ಕಿರ್ ಅನ್ನುತ್ತದೆ. ಕಾರ್ಡ್ ಓದುವಾಗ ಸಪ್ಲೈ ಲೈನ್ ಅಲುಗಾಡುತ್ತದೆ, ಡ್ಯಾಕಿಗೂ ಅದೇ ಸಪ್ಲೈ. ನಾನು ಡ್ಯಾಕಿನ ಸಪ್ಲೈ ಕಾಲಿಗೆ, ಆ ಅಲುಗಾಟ ತಡೆಯುವ ಒಂದು ದೊಡ್ಡ ಕೆಪಾಸಿಟರ್ ಸೋಲ್ಡರ್ ಮಾಡಿದೆ, ಮುಕ್ಕಾಲು ಪಾಲು ಹೋಯಿತು. ಪೂರ್ತಿ ಹೋಗಬೇಕಾದರೆ ಡ್ಯಾಕಿಗೆ ಬೇರೆ ರೆಗ್ಯುಲೇಟರ್ ಬೇಕು. ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳುವವರಿಗೆ ಇದು ಗೊತ್ತೂ ಆಗುವುದಿಲ್ಲ.

ಸ್ಕ್ರೀನ್ ವಿಷಯಕ್ಕೆ ಹುಡುಗನ ಬೆನ್ನು ತಟ್ಟಬೇಕು. ಒಂದು ಇಂಚೂ ಇಲ್ಲದ ಓಎಲ್‌ಇಡಿ, 128 ಅಡ್ಡ, 64 ಉದ್ದ ಚುಕ್ಕಿ. ಇಂಥ ಸ್ಕ್ರೀನಿನಲ್ಲಿ ಇಂಗ್ಲಿಷ್ ಸುಲಭ, ಕನ್ನಡ ಕಷ್ಟ. ಅಕ್ಷರಕ್ಕೆ ಒತ್ತು ಕೂಡಿಸಿ, ಗುಣಿತ ಹೊಂದಿಸಿ ಬರೆಯುವ ಕೆಲಸ ಆ ಪುಟ್ಟ ಚಿಪ್ಪಿಗೆ ಭಾರ. ಸುಮ್ನೆ ಫಾಂಟ್ ಹಾಕಿದರೆ ‘ಶ್ರೀ’ ತುಂಡು ತುಂಡಾಗಿ ಬರುತ್ತದೆ. ಇವನು ಬೇರೆ ದಾರಿ ಹಿಡಿದಿದ್ದಾನೆ. ಹಾಡಿನ ಹೆಸರನ್ನು ಕಂಪ್ಯೂಟರಿನಲ್ಲೇ ಚಿತ್ರ ಮಾಡಿ, ಆ ಚಿತ್ರವನ್ನು ಹಾಡಿನ ಪಕ್ಕದಲ್ಲೇ ಕಾರ್ಡಿಗೆ ಹಾಕುತ್ತಾನೆ. ಪ್ಲೇಯರ್ ಚಿತ್ರ ತೋರಿಸುತ್ತದೆ, ಅಷ್ಟೇ. ಒಂದು ಸಲಕ್ಕೆ ಎರಡೇ ಸಾಲು ಕಾಣುತ್ತದೆ, ಆದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವುದಿಲ್ಲ. ಕನ್ನಡಕ ಇಲ್ಲದೆ ನಾನು ಓದುತ್ತೇನೆ.

ತೊಡಕು ಇರುವುದೂ ಅಲ್ಲೇ. ಆ ಚಿತ್ರ ಮಾಡುವ ಪ್ರೋಗ್ರಾಮಿಗೆ ವಿಂಡೋಸ್ ಕಂಪ್ಯೂಟರ್ ಬೇಕು. ಈ ಪ್ಲೇಯರ್ ಯಾರಿಗೆ ಬೇಕೋ ಅವರ ಮನೆಯಲ್ಲಿ ಕಂಪ್ಯೂಟರ್ ಇರುವುದಿಲ್ಲ. ಹೊಸ ಹಾಡು ಹಾಕಬೇಕಾದಾಗೆಲ್ಲ ಕಾರ್ಡ್ ಹಿಡಿದುಕೊಂಡು ನನ್ನ ಅಂಗಡಿಗೆ ಬರಬೇಕು. ನನಗೇನೋ ವ್ಯಾಪಾರ, ಅವರಿಗೆ ಬಸ್ ಚಾರ್ಜು. ಮೊಬೈಲಿನಲ್ಲೇ ಆಗುವ ಹಾಗೆ ಮಾಡುವವರೆಗೆ ಇದು ಅರ್ಧ ಕೆಲಸ. ಅಂದಹಾಗೆ, ಕಾರ್ಡಿಗೆ ಸಿನಿಮಾ ಹಾಡು ತುಂಬಿಸಿ ಕೊಡುವುದಿಲ್ಲ ಅವನು. ಖಾಲಿ ಕೊಡುತ್ತಾನೆ. ಹಕ್ಕು ಬೇರೆಯವರದ್ದು, ಅದನ್ನು ತುಂಬಿಸಿ ಮಾರಿದರೆ ಕೇಸು. ಸರಿಯಾಗೇ ಇದೆ.

ಈಗ ರೇಟಿಗೆ ಬರುತ್ತೇನೆ. ಇಷ್ಟು ಉದ್ದ ಬರೆಯುತ್ತಿರುವುದೇ ಅದಕ್ಕೆ.

2,800 ಹೇಗೆ ಬಂತು ಅಂತ ಕೇಳಿದೆ. ಹುಡುಗ ಫೋನಿನಲ್ಲಿ ಲೆಕ್ಕ ತೋರಿಸಿದ. ಇಎಸ್‌ಪಿ ಬೋರ್ಡ್ 380, ಡ್ಯಾಕ್ 320, ಆಂಪ್ಲಿಫೈಯರ್ ಚಿಪ್ ಮತ್ತು ಕೆಪಾಸಿಟರ್ ಇತ್ಯಾದಿ 110, ಸ್ಕ್ರೀನ್ 220, ಸೆಲ್ಲು ಚಾರ್ಜಿಂಗ್ ಬೋರ್ಡು ಸೇರಿ 330, ಮೆಮೊರಿ ಕಾರ್ಡ್ 380, ಬಟನ್ನು ಜ್ಯಾಕು ಸ್ಕ್ರೂ 130, ಇವನ್ನೆಲ್ಲ ಕೂರಿಸುವ ಪಿಸಿಬಿ ಹಲಗೆ 90, ಡಬ್ಬಿ 240. ಒಟ್ಟು 2,200. ಅದರ ಮೇಲೆ 600 ಲಾಭ.

‘ನಿನ್ನ ಕೂಲಿ ಎಲ್ಲಪ್ಪ ಇದರಲ್ಲಿ?’ ಅಂದೆ.

‘ಅದೇ ಸಾರ್, ಆರ್‌ನೂರು.’

‘ಒಂದು ಮಾಡೋಕೆ ಎಷ್ಟೊತ್ತು?’

‘ನಾಲ್ಕು ಗಂಟೆ ಆಯ್ತದೆ. ಟೆಸ್ಟಿಂಗ್ ಎಲ್ಲ ಸೇರಿ.’

ಗಂಟೆಗೆ 150. ಲೆಕ್ಕಕ್ಕೆ ಹಾಗೆ ಹೇಳಿಕೊಳ್ಳಬಹುದು, ಆದರೆ ಅದೂ ಉಳಿಯುವುದಿಲ್ಲ. ಆ 600ರಲ್ಲೇ ಪ್ಯಾಕಿಂಗು, ಕೊರಿಯರ್. ಅದರಲ್ಲೇ ಸೋಲ್ಡರ್ ಮಾಡುವಾಗ ಸುಟ್ಟ ಚಿಪ್ಪು. ಅದರಲ್ಲೇ ಆರು ತಿಂಗಳ ಗ್ಯಾರಂಟಿ. ಒಂದು ಸ್ಕ್ರೀನ್ ಒಡೆದು ವಾಪಸ್ ಬಂದರೆ ಹೋಗಿಬರುವ ಕೊರಿಯರ್ ಸೇರಿ ಅವತ್ತಿನ ರಾತ್ರಿ ಕೆಲಸ ಪುಕ್ಕಟೆ. ನಾನು ಅಲ್ಲೇ ಚೀಟಿಯ ಹಿಂದೆ ಬರೆದು ತೋರಿಸಿದೆ. ಸಾಮಾನು 2,200, ಹಾಳಾಗುವುದಕ್ಕೆ 110, ಪ್ಯಾಕಿಂಗ್ ಕೊರಿಯರ್ 150, ಗ್ಯಾರಂಟಿಗೆ ಎತ್ತಿಡುವುದು 200, ಗಂಟೆಗೆ 250ರ ಹಾಗೆ ಕೂಲಿ ಸಾವಿರ. 3,660 ಆಯಿತು. ಇನ್ನೂ ಲಾಭ ಸೇರಿಸಿಲ್ಲ, ಸೋಲ್ಡರಿಂಗ್ ಐರನ್ನು, ಕರೆಂಟು ಸೇರಿಸಿಲ್ಲ. ನನ್ನಂಥವನ ಅಂಗಡಿಯಲ್ಲಿ ಇಟ್ಟು ಮಾರಿದರೆ ನನಗೂ ನಾಲ್ಕು ಕಾಸು ಬೇಕು. 4,000ಕ್ಕೆ ಕಮ್ಮಿ ಮಾರಿದರೆ ಅವನು ಕೊಳ್ಳುವವರಿಗೆ ಪ್ರತಿ ಸಲ ಜೇಬಿನಿಂದ ಕೊಟ್ಟ ಹಾಗೆ.

‘ನಾಲ್ಕ್ ಸಾವ್ರ ಅಂದ್ರೆ ಯಾರೂ ತಗೊಳಲ್ಲ ಸಾರ್’ ಅಂದ. ಅದೂ ನಿಜ. ಸಾವಿರ ರೂಪಾಯಿಗೆ ಆನ್‌ಲೈನಿನಲ್ಲಿ ಚೀನಾ ಎಂಪಿ3 ಪ್ಲೇಯರ್ ಸಿಗುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನಿಗೆ ಪೆನ್‌ಡ್ರೈವ್ ಸಾಕು. ಅವರ ಜೊತೆ ರೇಟಿನಲ್ಲಿ ಕುಸ್ತಿಗೆ ಬಿದ್ದರೆ ಗೆಲ್ಲುವುದಕ್ಕಾಗುವುದಿಲ್ಲ, ಬೀಳಲೂಬಾರದು. ಆಪಲ್ ಕಂಪನಿ 2001ರಲ್ಲಿ ಮೊದಲ ಐಪಾಡ್ ತಂದಾಗ ಬೆಲೆ 399 ಡಾಲರ್. ಒಳಗಿದ್ದದ್ದು ತೋಷಿಬಾದವರ 5 ಜಿಬಿ ಹಾರ್ಡ್ ಡಿಸ್ಕ್. ಅದಕ್ಕಿಂತ ಅಗ್ಗದ ಪ್ಲೇಯರುಗಳು ಆಗಲೂ ಇದ್ದವು. ಜನ ದುಡ್ಡು ಕೊಟ್ಟದ್ದು ಹೆಬ್ಬೆರಳಲ್ಲಿ ತಿರುಗಿಸಿದರೆ ಸಾವಿರ ಹಾಡಿನಲ್ಲಿ ಬೇಕಾದ್ದು ಸಿಗುತ್ತಿತ್ತಲ್ಲ, ಅದಕ್ಕೆ. ಇವನ ಮಾಲಿನಲ್ಲಿ ಹಾಗೆ ದುಡ್ಡು ಕೇಳಬಹುದಾದ್ದು ಮೂರಿದೆ: ನಿಲ್ಲಿಸಿದ ಜಾಗದ ನೆನಪು, ಕನ್ನಡದ ಹೆಸರು, ಕೈಯಲ್ಲೇ ಬದಲಾಯಿಸುವ ಸೆಲ್. ಅವನ ಬಿಲ್ಲಿನಲ್ಲಿ ಈ ಮೂರಕ್ಕೂ ಸೊನ್ನೆ.

ಹಾಗಂತ ಖರ್ಚು ಇಳಿಸುವ ದಾರಿ ಇಲ್ಲ ಅಂತಲ್ಲ. ಮೆಮೊರಿ ಕಾರ್ಡ್ ಬಿಟ್ಟುಬಿಡಲಿ. ಎಲ್ಲರ ಮನೆಯ ಡ್ರಾಯರಿನಲ್ಲೂ ಹಳೇ ಫೋನಿನ ಕಾರ್ಡ್ ಒಂದಿರುತ್ತದೆ. ಸಾಮಾನು 1,820ಕ್ಕೆ ಇಳಿಯಿತು. ಒಂದೊಂದೇ ಮಾಡುವ ಬದಲು ಹತ್ತು ಬೋರ್ಡ್ ಸಾಲಾಗಿ ಇಟ್ಟುಕೊಂಡು ಸೋಲ್ಡರ್ ಮಾಡಿದರೆ ಒಂದಕ್ಕೆ ಮೂರು ಗಂಟೆಗೆ ಬರುತ್ತದೆ, ಕೂಲಿ 750. ಹಾಳಾಗುವುದಕ್ಕೆ 90, ಕೊರಿಯರ್ ಮತ್ತು ಗ್ಯಾರಂಟಿ ಮೊದಲಿನಷ್ಟೇ ಇರಲಿ. 3,010 ಆಯಿತು. 3,500ಕ್ಕೆ ಮಾರಿದರೆ 490 ನಿಜವಾಗಿ ಕೈಗೆ ಉಳಿಯುತ್ತದೆ, ಕೂಲಿ ಬಿಟ್ಟು. ಜಿಎಸ್‌ಟಿ ತಲೆನೋವು ಸದ್ಯಕ್ಕಿಲ್ಲ. ರಾಜ್ಯದೊಳಗೇ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟುವವರೆಗೆ ನೋಂದಣಿ ಬೇಡ. ಅಲ್ಲಿಗೆ ಮುಟ್ಟಿದರೆ ಅವನೇ ಆಡಿಟರ್ ಇಟ್ಟುಕೊಳ್ಳುತ್ತಾನೆ ಬಿಡಿ.

ಬ್ಲೂಟೂತ್ ಹಾಕು ಅಂತ ಅಂಗಡಿಗೆ ಬಂದವರೆಲ್ಲ ಹೇಳುತ್ತಾರೆ. ಅದೇ ಚಿಪ್ಪಿನೊಳಗೆ ಬ್ಲೂಟೂತ್ ಇದ್ದೇ ಇದೆ, ಆನ್ ಮಾಡಿಲ್ಲ ಅಷ್ಟೇ. ಮಾಡಿದರೆ ಚಾರ್ಜ್ ಬೇಗ ಇಳಿಯುತ್ತದೆ, ಚಿಪ್ಪಿನ ಮೆಮೊರಿ ಸಾಲದೆ ಹಾಡು ತಡವರಿಸುತ್ತದೆ, ‘ಕನೆಕ್ಟ್ ಆಗ್ತಿಲ್ಲ’ ಅಂತ ದಿನಾ ಫೋನು. ಬೇಡ ಅಂತ ಅವನು ಗಟ್ಟಿಯಾಗಿ ನಿಂತಿದ್ದಾನೆ. ನಾನೂ ಅವನ ಕಡೆಗೇ.

ಮನೆಯಲ್ಲಿ ಮಾಡಿದ್ದು ಅಂದರೆ ಮೂಗು ಮುರಿಯುವವರೂ ಇದ್ದಾರೆ. ಪಕ್ಕದ ಮೈಸೂರಿನಲ್ಲಿ ಆಕಾಶವಾಣಿ ಶುರುವಾದದ್ದು 1935ರಲ್ಲಿ, ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರ ಮನೆಯಿಂದ. ಅವರು ಪಾಠ ಹೇಳುತ್ತಿದ್ದದ್ದು ಮನಶ್ಶಾಸ್ತ್ರ. ಈ ಹುಡುಗನಾದರೋ ಎಲೆಕ್ಟ್ರಾನಿಕ್ಸೇ ಓದಿದ್ದಾನೆ.

ಯಾರು ತಗೊಳ್ಳಬಹುದು? ಹರಿಕಥೆ, ಪ್ರವಚನ, ಪಾಠದ ರೆಕಾರ್ಡಿಂಗ್ ಕೇಳುವವರು ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಸಂಗೀತ ಕಲಿಯುವ ಮಕ್ಕಳಿಗೂ ಒಳ್ಳೆಯದು, ಪಾಠ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಶುರುವಾಗುತ್ತದೆ. ಫೋನಿನಲ್ಲೇ ಹಾಡು ಕೇಳಿ ಅಭ್ಯಾಸ ಆದವರಿಗೆ ಬೇಡ, ಎರಡು ದಿನಕ್ಕೆ ಮೂಲೆಗೆ ಬೀಳುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಹಾಡು ಹಾಕಿಕೊಡುವವರು ಹತ್ತಿರ ಇದ್ದಾರಾ ಅಂತ ಮೊದಲು ನೋಡಿಕೊಳ್ಳಿ.

ಈಗಿರುವ ಸ್ಟಾಕ್ 2,800ಕ್ಕೇ ಹೋಗುತ್ತದೆ, ಅದು ಪಿಎಲ್‌ಎ ಡಬ್ಬಿಯದು, ಬಿಸಿಲಿಗೆ ಇಡಬೇಡಿ. ಮುಂದಿನದ್ದು ಪಿಇಟಿಜಿ ಡಬ್ಬಿ, ಚಾರ್ಜಿಂಗ್ ಸಾಕೆಟ್ಟಿಗೆ ಆ ಎರಡು ರೆಸಿಸ್ಟರ್, ಕಾರ್ಡ್ ಇಲ್ಲ. ರೇಟು 3,500 ಮಾಡು ಅಂತ ನಾನು, 3,200 ಸಾಕು ಅಂತ ಅವನು. ಇನ್ನೂ ಜಗ್ಗಾಟ ನಡೆದಿದೆ. ಅಲ್ಲಿಯವರೆಗೆ ಹಳೇ ಅಗಲ ಪಿನ್ನಿನ ಕೇಬಲ್ ಒಂದು ಎಸೆಯದೆ ಇಟ್ಟುಕೊಂಡಿರಿ.